ಸಿನಾಯ್ ಮರುಭೂಮಿಯೂ ತಾತನ ಕಾಗದಗಳೂ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ನಮ್ಮ ಮನೆಯಲ್ಲಿ ಇಬ್ಬರೂ ಡಾಕ್ಟರು. ಆದ್ದರಿಂದ ರಕ್ತದೊತ್ತಡದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿರುವಾಗ ಉಪ್ಪು, ತುಪ್ಪ ಕಡಿಮೆ ಮಾಡಿ ಎನ್ನುವ ಧೈರ್ಯ ನಮಗಿಲ್ಲ. ಅದರ ಬದಲು ಕಳೆದ ಡಿಸೆಂಬರ್ ರಜೆಯಲ್ಲಿ ಈಜಿಪ್ಟಿನ ಸಿನಾಯ್ ಮರುಭೂಮಿಗೆ ಹೋಗಿಬಂದ ಕಥೆ ಹೇಳುತ್ತೇವೆ. ಎಂಬಿಬಿಎಸ್, ಆಮೇಲೆ ಇಲ್ಲಿ ರೆಸಿಡೆನ್ಸಿ ಎಂದು ಯೌವನವನ್ನೆಲ್ಲ ರಾತ್ರಿಪಾಳಿಯಲ್ಲಿ ಕಳೆದ ನಮಗೆ ಇತಿಹಾಸದ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ.

ಮರುಭೂಮಿ ಎಂದರೆ ನಾವು ಮರಳು ಎಂದುಕೊಂಡಿದ್ದೆವು. ಸಿನಾಯ್ ದಕ್ಷಿಣ ಭಾಗ ಹಾಗಲ್ಲ. ಅದು ಕೆಂಪು ಕಲ್ಲುಬೆಟ್ಟಗಳ ನಾಡು. ಕಣ್ಣು ಹಾಯಿಸಿದಷ್ಟು ದೂರ ಒಂದು ಹುಲ್ಲುಕಡ್ಡಿ ಇಲ್ಲ. ಅಲ್ಲಿ 2285 ಮೀಟರ್ ಎತ್ತರದ ಒಂದು ಬೆಟ್ಟವಿದೆ. ಮೋಶೆಗೆ ದೇವರಿಂದ ಹತ್ತು ಆಜ್ಞೆಗಳು ದೊರೆತದ್ದು ಇಲ್ಲೇ ಎಂಬ ನಂಬಿಕೆ. ಅರಬ್ಬಿಯಲ್ಲಿ ಜೆಬೆಲ್ ಮೂಸಾ. ಸೂರ್ಯೋದಯ ನೋಡಲು ನಡುರಾತ್ರಿ ಕಳೆದ ಮೇಲೆ ಹತ್ತಲು ಹೊರಟೆವು. ದಿನಾ ರೋಗಿಗಳಿಗೆ "ನಡೀರಿ, ನಡೀರಿ" ಎಂದು ಬುದ್ಧಿ ಹೇಳುವ ನಾವು ಒಂಟೆದಾರಿ ಮುಗಿದು ಕಡೆಯ ಏಳುನೂರೈವತ್ತು ಮೆಟ್ಟಿಲು ಶುರುವಾಗುವಲ್ಲಿ ಉಸ್ಸೆಂದು ಕುಳಿತೆವು. ನಮ್ಮ ಹದಿಮೂರು ವರ್ಷದ ಮಗಳು ಮೇಲಿನಿಂದ ಟಾರ್ಚು ತೋರಿಸುತ್ತಾ ನಕ್ಕಳು. ಶಿಖರದಲ್ಲಿ ಒಂದು ಪುಟ್ಟ ಚರ್ಚು, ಒಂದು ಪುಟ್ಟ ಮಸೀದಿ, ಮೂಳೆ ಕೊರೆಯುವ ಚಳಿ. ಬೆಳಕು ಹರಿದಾಗ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು ಬೆಟ್ಟ. ಬಾಟಲಿಯಲ್ಲಿ ತಂದಿದ್ದ ಪುಳಿಯೋಗರೆ ಗೊಜ್ಜನ್ನು ಅಲ್ಲಿನ ರೊಟ್ಟಿಗೆ ಸವರಿಕೊಂಡು ತಿಂದೆವು.

ಬೆಟ್ಟದ ಬುಡದಲ್ಲಿರುವುದೇ ಸಂತ ಕ್ಯಾಥರೀನಳ ಮಠ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಕೋಟೆಯಂಥ ಗೋಡೆ ಇನ್ನೂ ನಿಂತಿದೆ. ಒಳಗೆ ಗ್ರೀಕ್ ಸನ್ಯಾಸಿಗಳ ಪ್ರಾರ್ಥನೆ ಅಂದಿನಿಂದ ನಡೆದುಬಂದಿದೆ. ಅದೇ ಗೋಡೆಯೊಳಗೆ ಫಾತಿಮೀ ಅರಸರ ಕಾಲದ ಒಂದು ಮಸೀದಿಯೂ ಇದೆ. ಮಠವನ್ನು ಕಾಯುತ್ತಾ ಬಂದ ಜೆಬೆಲಿಯ ಬುಡಕಟ್ಟಿನವರು ಮುಸಲ್ಮಾನರು. ತಮ್ಮ ಹಿರಿಯರನ್ನು ಕಾವಲಿಗೆಂದು ಕಳುಹಿಸಿದವನು ಜಸ್ಟಿನಿಯನ್ನನೇ ಎಂದು ಹೇಳಿಕೊಳ್ಳುತ್ತಾರೆ. ಅಂಗಳದಲ್ಲಿ, ಮೋಶೆ ಕಂಡ ಉರಿಯುವ ಪೊದೆ ಇದೇ ಎನ್ನುವ ಒಂದು ಮುಳ್ಳುಗಿಡ. "ಅಜ್ಜಿ ಮನೆ ತುಳಸಿಕಟ್ಟೆ ಥರ" ಎಂದಳು ಮಗಳು.

ಈ ಮಠದ ನಿಜವಾದ ಐಶ್ವರ್ಯ ಅದರ ಗ್ರಂಥಭಂಡಾರ. ಮೂರು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು. ಒಣಹವೆ ಅವನ್ನು ಕಾಪಾಡಿತು. ಮನುಷ್ಯರಿಂದ ಕಾಪಾಡುವವರು ಮಾತ್ರ ಇರಲಿಲ್ಲ. ನಾಲ್ಕನೆಯ ಶತಮಾನದ ಬೈಬಲ್ ಪ್ರತಿಯೊಂದನ್ನು 1859ರಲ್ಲಿ ಟಿಶೆಂಡಾರ್ಫ್ ಎಂಬ ಜರ್ಮನ್ ಪಂಡಿತ, ಹಿಂದಿರುಗಿಸುತ್ತೇನೆಂದು ಚೀಟಿ ಬರೆದುಕೊಟ್ಟು ಒಯ್ದ. ಅದು ರಷ್ಯಾ ಸೇರಿತು. 1933ರಲ್ಲಿ ಸೋವಿಯೆತ್ ಸರ್ಕಾರ ಅದನ್ನು ಒಂದು ಲಕ್ಷ ಪೌಂಡಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿತು. ಪುಸ್ತಕ ಎರವಲು ಕೊಟ್ಟು ಕಳೆದುಕೊಂಡವರಿಗೆ ಆ ಸನ್ಯಾಸಿಗಳ ಸಂಕಟ ಅರ್ಥವಾದೀತು.

ಆದರೆ ನಮ್ಮ ಮನಸ್ಸಿನಲ್ಲಿ ಕೂತ ಕಥೆ ಬೇರೆಯದು. ಹಿಂದೆ ಬರೆಯುತ್ತಿದ್ದುದು ಚರ್ಮದ ಹಾಳೆಯ ಮೇಲೆ. ಅದು ದುಬಾರಿ. ಹಾಗಾಗಿ ಯಾರೂ ಓದದ ಹಳೆಯ ಹಾಳೆಯನ್ನು ಕೆರೆದು, ಅದರ ಮೇಲೆ ಹೊಸದಾಗಿ ಬರೆಯುತ್ತಿದ್ದರು. ಈ ಮಠದಲ್ಲಿ ಅಂಥ ಹಸ್ತಪ್ರತಿಗಳು ನೂರಕ್ಕೂ ಹೆಚ್ಚಿವೆ. 1975ರಲ್ಲಿ ಮಠದ, ಮರೆತುಹೋಗಿದ್ದ ಕೋಣೆಯೊಂದರಲ್ಲಿ ರಾಶಿ ಹಾಳೆಗಳು ಸಿಕ್ಕವು. 1990ರ ದಶಕದಲ್ಲಿ ಜಾರ್ಜಿಯಾದ ವಿದ್ವಾಂಸ ಜಾಜಾ ಅಲೆಕ್ಸಿಡ್ಜೆ, ಅವುಗಳಲ್ಲಿದ್ದ ಜಾರ್ಜಿಯನ್ ಬರಹದ ಅಡಿಯಲ್ಲಿ ಬೇರೊಂದು ಲಿಪಿಯ ಮಸುಕು ಗೆರೆ ಕಂಡರು. ಅದು ಕಾಕಸಸ್ ಸೀಮೆಯ ಅಲ್ಬೇನಿಯನ್ ಭಾಷೆ. ಯೂರೋಪಿನ ಅಲ್ಬೇನಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಜನರಿದ್ದುದು ಇಂದಿನ ಅಜೆರ್‌ಬೈಜಾನ್ ಕಡೆ. ಅವರಿಗೆ ಸ್ವಂತ ಲಿಪಿಯಿತ್ತು, ಗ್ರಂಥಗಳಿದ್ದವು. ಸ್ವಂತ ನೆಲದಲ್ಲಿ ಉಳಿದದ್ದು ಕೆಲವು ಶಾಸನ ಮಾತ್ರ. ಅವರ ಗ್ರಂಥದ ಹಾಳೆಗಳು ಸಿಕ್ಕಿದ್ದು ಇಷ್ಟು ದೂರದ ಮರುಭೂಮಿಯಲ್ಲಿ, ಇನ್ನೊಂದು ಭಾಷೆಯ ಕೆಳಗೆ. ನಾವು ಎಕ್ಸರೇಗೆ ಬೆಳಕು ಹಾಯಿಸುವ ಹಾಗೆ, ಆ ಹಾಳೆಗಳಿಗೆ ಬಗೆಬಗೆಯ ಬೆಳಕು ಹಾಯಿಸಿ ಫೋಟೋ ತೆಗೆದು ಓದಿದರು. 2008ರಲ್ಲಿ ಪುಸ್ತಕವೂ ಬಂತು.

ಇದನ್ನು ಹೇಳಿದಾಗ ಮಗಳು ಕೇಳಿದಳು: "ಕೆರೆದವರು ಕೆಟ್ಟವರಾ?" ಅಲ್ಲ ಎಂದೆವು. ಅವರಿಗೆ ಹಾಳೆ ಬೇಕಿತ್ತು. ಓದುವವರು ಯಾರೂ ಉಳಿದಿರಲಿಲ್ಲ. ಅಷ್ಟೆ.

ಊರಿಗೆ ಮರಳಿದ ವಾರ ಅವಳು ಬೀರುವಿನಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದಳು. ಅದರಲ್ಲಿ ತಾತನ ಕಾಗದಗಳು. ನಮ್ಮ ತಂದೆ ಮೈಸೂರಿನಲ್ಲಿ ಮೇಷ್ಟ್ರಾಗಿದ್ದವರು. ಫೋನು ಮಾತಿಗೆ, ಕಾಗದ ಮನಸ್ಸಿಗೆ ಎನ್ನುತ್ತಿದ್ದರು. ಮೊಮ್ಮಗಳ ಹುಟ್ಟುಹಬ್ಬಕ್ಕೆ ವರ್ಷಕ್ಕೊಂದರಂತೆ ಹನ್ನೊಂದು ಕಾಗದ ಬರೆದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಕಾಗದ ಬಂದಾಗಲೆಲ್ಲ ನಾವು ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಸಾರಾಂಶ ಹೇಳಿ ಮುಗಿಸುತ್ತಿದ್ದೆವು: ತಾತ ಚೆನ್ನಾಗಿದ್ದಾರೆ, ಚೆನ್ನಾಗಿ ಓದು ಅಂದಿದ್ದಾರೆ, ಸೀಬೆಗಿಡ ಕಾಯಿ ಬಿಟ್ಟಿದೆಯಂತೆ.

ಮಗಳು ಅ ಆ ಇ ಈ ಯಿಂದ ಶುರುಮಾಡಿದಳು. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಎರಡು ತಿಂಗಳು. ಆಮೇಲೆ ಎಂಟನೆಯ ಹುಟ್ಟುಹಬ್ಬದ ಕಾಗದವನ್ನು ಬೆರಳಿಟ್ಟು ಓದತೊಡಗಿದಳು. ನಡುವೆ ಒಂದು ಕಡೆ ನಿಂತು, ಮತ್ತೆ ಮೊದಲಿಂದ ಓದಿದಳು. "ಪುಟ್ಟೀ, ನಿಮ್ಮಪ್ಪ ಬರುವ ವರ್ಷ ಖಂಡಿತ ಬರ್ತೀನಿ ಅಂತ ಮೂರು ವರ್ಷದಿಂದ ಹೇಳ್ತಿದ್ದಾನೆ. ನೀನಾದರೂ ಕೈ ಹಿಡಿದು ಕರಕೊಂಡು ಬಾ."

"ಅಪ್ಪಾ, ಇದನ್ನ ನೀವು ಓದಿ ಹೇಳಲಿಲ್ಲ ಅಲ್ವಾ?" ಎಂದಳು.

ಇಲ್ಲ. ಹೇಳಿರಲಿಲ್ಲ. ಆ ಸಾಲನ್ನು ಬಿಟ್ಟೇ ಓದಿದ್ದೆವು. ಆ ವರ್ಷವೂ ಹೋಗಲಿಲ್ಲ. ಚರ್ಮದ ಹಾಳೆ ಕೆರೆದವರಿಗಾದರೂ ಅಡಿಯಲ್ಲಿದ್ದದ್ದು ಓದಲು ಬರುತ್ತಿರಲಿಲ್ಲವೇನೋ. ನಮಗೆ ಬರುತ್ತಿತ್ತು.

ಬಂಧುಗಳೇ, ಕನ್ನಡವನ್ನು ಕೋಟ್ಯಂತರ ಜನ ಆಡುತ್ತಾರೆ. ಅದಕ್ಕೇನೂ ಕಾಕಸಸ್ಸಿನ ಆ ಭಾಷೆಯ ಗತಿ ಬಂದಿಲ್ಲ. ಆದರೆ ನಮ್ಮ ಒಂದೊಂದು ಮನೆಯ ಮಟ್ಟಿಗೆ ಹೇಳುವುದಾದರೆ, ಓದುವವರು ಮುಗಿಯಲು ಒಂದು ತಲೆಮಾರು ಸಾಕು. ನಮ್ಮ ಬೀರುಗಳಿಗೆ ಸಿನಾಯ್ ಒಣಹವೆಯೂ ಇಲ್ಲ, ಮುಂದೊಂದು ದಿನ ಬೆಳಕು ಹಾಯಿಸಿ ಓದಲು ಯಾವ ವಿದ್ವಾಂಸರೂ ಬರುವುದಿಲ್ಲ.

ಭಾನುವಾರದ ಕನ್ನಡ ತರಗತಿಗೆ ಮೇಷ್ಟ್ರು ಸಾಲದು ಎಂದು ಕಾರ್ಯದರ್ಶಿಗಳು ಆಗಿನಿಂದ ಹೇಳುತ್ತಿದ್ದಾರೆ. ಮುಂದಿನ ತಿಂಗಳಿನಿಂದ ನಾವು ಬರುತ್ತೇವೆ. ಮಕ್ಕಳು ಪಠ್ಯಪುಸ್ತಕದ ಜೊತೆಗೆ ಮನೆಯಲ್ಲಿರುವ ಒಂದು ಕೈಬರಹದ ಕಾಗದ ತರಲಿ, ಅಜ್ಜಿಯದೋ ತಾತನದೋ, ಸಾರಿನಪುಡಿಯ ಲೆಕ್ಕ ಬರೆದ ಚೀಟಿಯಾದರೂ ಸರಿ. ಒಂದು ಸಾಲೂ ಬಿಡದೆ ಒಟ್ಟಿಗೆ ಓದೋಣ.

ಬಿಸಿಬೇಳೆಬಾತು ಆರುತ್ತಿದೆ. ತುಪ್ಪ ಇವತ್ತೊಂದು ದಿನ ಪರವಾಗಿಲ್ಲ.