ಬೇವಿನ ಕಡ್ಡಿ ಮತ್ತು ಬ್ಯಾಕ್ಟೀರಿಯಾಗಳ ಕೋರಂ



ನಮ್ಮ ತಾತ ಬೆಳಗಾಗುತ್ತಲೇ ಜಗಲಿಯ ಮೇಲೆ ಕೂತು ಬೇವಿನ ಕಡ್ಡಿ ಅಗಿಯುತ್ತಿದ್ದರು. ತುದಿಯನ್ನು ಜಗಿದು ಜಗಿದು ಕುಂಚ ಮಾಡಿಕೊಂಡು ಒಂದೊಂದೇ ಹಲ್ಲನ್ನು ಉಜ್ಜುವರು. ಕೊನೆಗೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಲ್ಲಿನಂತೆ ಬಗ್ಗಿಸಿ ನಾಲಿಗೆ ಹೆರೆದುಕೊಳ್ಳುವರು. 1953ರಲ್ಲಿ ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಹೀಗಾಗಿ ಅದೇ ಕಡ್ಡಿ ಮನೆಯೊಳಗೆ ಬೇವಿನ ಕಡ್ಡಿ, ಸಂತೆಯಲ್ಲಿ ತೆಲುಗಿನ ವೇಪಪುಲ್ಲ. ಎರಡೂ ಹೆಸರಿನಲ್ಲಿ ಕಹಿ ಒಂದೇ.

ಆ ಕಹಿ ಹಲ್ಲಿನ ಹುಳವನ್ನು ಕೊಲ್ಲುತ್ತದೆ ಎಂದೇ ನಾವೆಲ್ಲ ನಂಬಿದ್ದೆವು. 1996ರಲ್ಲಿ ವೊಲಿನ್ಸ್ಕಿ ಮತ್ತು ಸಂಗಡಿಗರು ಬೇವಿನ ಕಡ್ಡಿಯ ಸಾರವನ್ನು ಬಾಯಿಯ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದರು. ಅವರು ಬಳಸಿದ ಪ್ರಮಾಣದಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲಲೇ ಇಲ್ಲ. ಆದರೆ ಜೊಲ್ಲು ಸವರಿದ ಹಲ್ಲಿನ ಖನಿಜಕ್ಕೆ ಅಂಟಿಕೊಳ್ಳುವ ಅವುಗಳ ಶಕ್ತಿ ತಗ್ಗಿತು. ಸಕ್ಕರೆಯಿಂದ ಅವು ತಯಾರಿಸುವ ಅಂಟೂ ಕಡಿಮೆಯಾಯಿತು. ಕೊಲ್ಲದೆ, ಬೀಡುಬಿಡಲು ಬಿಡದಿರುವುದು! ನನ್ನ ಮಟ್ಟಿಗೆ ಇದು ಕೊಲ್ಲುವುದಕ್ಕಿಂತ ದೊಡ್ಡ ಸುದ್ದಿ.

ಯಾಕೆಂದರೆ ಬ್ಯಾಕ್ಟೀರಿಯಾದ ಬಲ ಇರುವುದೇ ಅಂಟಿಕೊಂಡು ಕೂಡಿ ಬಾಳುವುದರಲ್ಲಿ. ಲೀವೆನ್‌ಹುಕ್ ಎಂಬ ಸೂಕ್ಷ್ಮದರ್ಶಕ ತಜ್ಞ 1683ರಲ್ಲೇ ಹಲ್ಲಿನ ಪಾಚಿಯಲ್ಲಿ ಸೂಕ್ಷ್ಮಜೀವಿಗಳನ್ನು ಕಂಡು ಬರೆದವನು. ಅವನು ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಪಾಚಿಯ ಒಳಗಿನವು ಸಾಯುತ್ತಿರಲಿಲ್ಲ, ಕೆರೆದು ತೆಗೆದವಕ್ಕೆ ಹಾಕಿದರೆ ಸಾಯುತ್ತಿದ್ದವು. ಆ ಜಿಗಟು ಪದರವನ್ನೇ ಇಂದು ಬಯೋಫಿಲ್ಮ್ ಎನ್ನುತ್ತೇವೆ. ನೀರಿನ ತೊಟ್ಟಿಯ ಒಳಗೋಡೆಗೆ ಕೈ ಇಟ್ಟರೆ ಜಾರುತ್ತದಲ್ಲ, ಅದೂ ಇದೇ ಬಳಗ.

ಈ ಪದರ ಕಟ್ಟುವಾಗ ಹಲವು ಬ್ಯಾಕ್ಟೀರಿಯಾಗಳು ತಲೆ ಎಣಿಸುತ್ತವೆ. ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ. ಸಂಖ್ಯೆ ಹೆಚ್ಚಿದಂತೆ ಅದೂ ದಟ್ಟವಾಗುತ್ತದೆ. ಒಂದು ಮಟ್ಟ ಮುಟ್ಟಿದೊಡನೆ ಎಲ್ಲವೂ ಒಟ್ಟಿಗೆ ನಡತೆ ಬದಲಿಸುತ್ತವೆ. ಕಡಲಿನ ಹೊಳೆಯುವ ಬ್ಯಾಕ್ಟೀರಿಯಾಗಳು ಗುಂಪು ದಟ್ಟವಾದ ಮೇಲಷ್ಟೇ ಬೆಳಗುವುದನ್ನು ನೀಲ್ಸನ್, ಹೇಸ್ಟಿಂಗ್ಸ್ ಮತ್ತು ಸಂಗಡಿಗರು 1970ರಲ್ಲಿ ತೋರಿಸಿದರು. 1994ರಲ್ಲಿ ಇದಕ್ಕೆ ‘ಕೋರಂ ಸೆನ್ಸಿಂಗ್’ ಎಂಬ ಹೆಸರು ಬಂತು. ಪಂಚಾಯ್ತಿ ಸಭೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೋರಂ ಇಲ್ಲದೆ ತೀರ್ಮಾನವಿಲ್ಲ.

ಓಡಿಹೋಗಲಾರದ ಗಿಡಗಳು ಈ ಮಾತುಕತೆ ಕೆಡಿಸುವುದನ್ನು ಎಂದೋ ಕಲಿತಿವೆ. ಆಸ್ಟ್ರೇಲಿಯಾ ಕರಾವಳಿಯ ಒಂದು ಕೆಂಪು ಕಡಲಕಳೆ ಫ್ಯೂರನೋನ್ ಎಂಬ ವಸ್ತುವಿನಿಂದ ಬ್ಯಾಕ್ಟೀರಿಯಾಗಳ ಆ ರಾಸಾಯನಿಕ ಸಂಕೇತಕ್ಕೆ ಅಡ್ಡ ನಿಲ್ಲುತ್ತದೆ. ನಮ್ಮ ಅರಿಶಿನಕ್ಕೂ ಈ ಗುಣವಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಕೆಲಸ ಮಾಡಿ ಅಮೆರಿಕದ ಡೆಲವೇರ್‌ಗೆ ಹೋದ ತಿಮ್ಮರಾಜು ರುದ್ರಪ್ಪ ಮತ್ತು ಹರ್ಷ ಬೈಸ್ 2008ರಲ್ಲಿ, ಅರಿಶಿನದಲ್ಲಿರುವ ಕರ್ಕ್ಯುಮಿನ್ ತಾಕಿದ ಸೂಡೊಮೊನಾಸ್ ಬ್ಯಾಕ್ಟೀರಿಯಾದ ಸಂಕೇತವೂ ಹಾವಳಿಯೂ ತಗ್ಗುವುದನ್ನು ಪ್ರಕಟಿಸಿದರು.

ಇದನ್ನು ಕಣ್ಣಾರೆ ಕಾಣುವ ಪರೀಕ್ಷೆಯೊಂದಿದೆ. ಕ್ರೊಮೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕೋರಂ ಕೂಡಿದಾಗ ನೇರಳೆ ಬಣ್ಣ ತಳೆಯುತ್ತದೆ. ಅದನ್ನು ಹರಡಿದ ತಟ್ಟೆಯ ನಡುವೆ ಗಿಡದ ಸಾರ ಹಾಕಿ ಒಂದು ರಾತ್ರಿ ಬಿಡಿ. ಸಾರದ ಸುತ್ತ ತಟ್ಟೆ ತಿಳಿಯಾಗಿದ್ದರೆ ಅಲ್ಲಿ ಬೆಳವಣಿಗೆಯೇ ಆಗಿಲ್ಲ ಎಂದರ್ಥ. ನೇರಳೆಯ ನಡುವೆ ಬೆಳ್ಳಗೆ, ಮಂಜಾಗಿ ಒಂದು ಉಂಗುರ ಕಂಡರೆ? ಅಲ್ಲಿ ಅವು ಬದುಕಿವೆ, ಬೆಳೆದಿವೆ, ಆದರೆ ಒಂದರ ಮಾತು ಇನ್ನೊಂದಕ್ಕೆ ಮುಟ್ಟಿಲ್ಲ. ಕೊಂದರೆ ಬದುಕುಳಿದ ಗಟ್ಟಿಗರೇ ಮತ್ತೆ ಬೆಳೆದು ಆಂಟಿಬಯೋಟಿಕ್‌ಗಳನ್ನು ಸೋಲಿಸುವ ಈ ಕಾಲದಲ್ಲಿ, ಆ ಬಿಳಿ ಉಂಗುರದ ಮೇಲೆ ನನಗೆ ತುಂಬ ಆಸೆಯಿದೆ.

ಆದರೆ ತಟ್ಟೆಯಿಂದ ರೋಗಿಯ ಮಂಚಕ್ಕೆ ದಾರಿ ದೂರ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಕಷ್ಟ. ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಸಕ್ಕರೆ ಕಾಯಿಲೆಯಿದ್ದ ನಮ್ಮ ದೊಡ್ಡಪ್ಪ ಕಾಲಿನ ಹುಣ್ಣಿಗೆ ತಿಂಗಳುಗಟ್ಟಲೆ ಅರಿಶಿನ ಮೆತ್ತಿಕೊಂಡು ಕೂತಿದ್ದರು. ನಾನೂ ಸುಮ್ಮನಿದ್ದೆ, ಆ ತಪ್ಪು ನನ್ನದೂ ಹೌದು. ಕೊನೆಗೆ ತೋರಿಸಿದಾಗ ವೈದ್ಯರು ಔಷಧಿ ಚೀಟಿ ಬರೆಯಲಿಲ್ಲ. ಚಿಮಟ ಹಿಡಿದು, ಹುಣ್ಣಿನ ಮೇಲಿನ ಹಳದಿ ಲೋಳೆಯನ್ನು ತೋರಿಸಿ, “ಮೊದಲು ಇದನ್ನ ಕೆರೆದು ತೆಗೀಬೇಕು. ಇದಿರೋ ತನಕ ಯಾವ ಔಷಧೀನೂ ಒಳಗಿಳಿಯಲ್ಲ” ಅಂದರು. ಎರಡು ಬೆರಳು ಹೋದವು, ಪಾದ ಉಳಿಯಿತು.