ಫಿಲಾಸಫಿ ಓದಿ ಏನ್ ಮಾಡ್ತೀ?

ಇವತ್ತು ರಾಜಕೀಯ ಬೇಡ, ಬೇರೆ ವಿಷಯ ಮಾತಾಡೋಣ.

ಗದಗ-ಬೆಟಗೇರಿಯಲ್ಲೋ ಮುಂಡರಗಿಯಲ್ಲೋ ಎಂಎ ಮುಗಿಸಿದ ಮಗಳು ಮನೆಯಲ್ಲಿ ಹೇಳ್ತಾಳೆ ಅಂದ್ಕೊಳ್ಳಿ: ನಾನು ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತೀನಿ. ಅಪ್ಪನ ಮೊದಲ ಮಾತು ಏನು? "ಅದನ್ನ ಓದಿ ಏನ್ ಮಾಡ್ತಿಯವ್ವಾ? ಬಿಎಡ್ ಮಾಡು, ಇಲ್ಲಾ ಕೆಎಎಸ್‌ಗೆ ಕೂರು."

ಆ ಅಪ್ಪನನ್ನು ನಾನು ಬೈಯಲ್ಲ. ಮಳೆ ನಂಬಿ ಶೇಂಗಾ, ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಆ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಒಬ್ಬ ಪ್ರೊಫೆಸರ್ ಒಂದು ಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗಷ್ಟೇ ಗೈಡ್ ಆಗಬಹುದು. ಅಂದ್ರೆ ಮೇಷ್ಟ್ರ ಹುದ್ದೆ ಖಾಲಿ ಬಿದ್ದರೆ ವಿದ್ಯಾರ್ಥಿಯ ಸೀಟೂ ಹೋಯ್ತು. ಹಾಗಾದ್ರೆ ಹೊಟ್ಟೆಪಾಡು? ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಿಟ್ಟಿಸಿದರೆ, 2023ರಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ 42,000. ಅಪ್ಪನ ಮೇಲೆ ಭಾರ ಬೀಳಲ್ಲ.

ಅಂದ್ರೆ ಎಲ್ಲವೂ ನಿಂತಿರೋದು ಆ ಒಂದು ಪರೀಕ್ಷೆಯ ಮೇಲೆ. ಗೋಡೆ ಇರೋದೂ ಅಲ್ಲೇ! ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿಯಲ್ಲಿ ಓದಿದ ಹುಡುಗ ತನ್ನ ಭಾಷೆಯಲ್ಲಿ ತತ್ವಶಾಸ್ತ್ರದ ಪರೀಕ್ಷೆ ಬರೀಬಹುದು. ಕನ್ನಡದಲ್ಲಿ ಓದಿದ ಲಕ್ಷ್ಮೇಶ್ವರದ ಹುಡುಗಿ ಬರೆಯೋ ಹಾಗಿಲ್ಲ. ಲಕ್ಷ್ಮೇಶ್ವರ ಅಂದ್ರೆ ಯಾವುದು ಸ್ವಾಮಿ? ಹಳೆಯ ಪುಲಿಗೆರೆ. ಹತ್ತನೇ ಶತಮಾನದಲ್ಲಿ ಮಹಾಕವಿ ಪಂಪ ಹೆಮ್ಮೆಯಿಂದ ಹೆಸರು ಹೇಳಿದ ಕನ್ನಡ ಈ ಊರಿನದು. ಅದೇ ಊರಲ್ಲಿ ಕನ್ನಡಕ್ಕೆ ಈ ಗತಿ.

ಕನ್ನಡದಲ್ಲಿ ಪಾರಿಭಾಷಿಕ ಪದ ಎಲ್ಲಿದೆ ಅಂತ ಕೆಲವರು ಕೇಳ್ತಾರೆ. ನಿಜಗುಣ ಶಿವಯೋಗಿಗಳ 'ವಿವೇಕ ಚಿಂತಾಮಣಿ' ತೆಗೆದು ನೋಡಲಿ. ಶಾಸ್ತ್ರಗಳ ಪರಿಭಾಷೆಯನ್ನು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ವಿಂಗಡಿಸಿಟ್ಟ ಗ್ರಂಥ ಅದು. ಪರೀಕ್ಷೆ ನಡೆಸೋದು ಕಷ್ಟ ಅಂತೀರಾ? ನೆಟ್ ನಡೆಸೋ ಎನ್‌ಟಿಎ, ವೈದ್ಯರಾಗುವವರ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಕೊಡುತ್ತೆ. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಈ ಸೀಮೆಗೆ ದೊಡ್ಡ ತತ್ವಶಾಸ್ತ್ರ ಹೊಸದೂ ಅಲ್ಲ, ದೂರವೂ ಅಲ್ಲ. ಕೇಂಬ್ರಿಜ್‌ನಲ್ಲಿ 1946-47ರಲ್ಲಿ ವಿಟ್‌ಗೆನ್‌ಸ್ಟೈನ್ ಪಾಠ ಕೇಳಿ ಟಿಪ್ಪಣಿ ಬರೆದುಕೊಂಡ ಕೆ.ಜೆ. ಶಾ, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದರು. ಆ ಟಿಪ್ಪಣಿಗಳು 1988ರಲ್ಲಿ ಪುಸ್ತಕವಾಗಿ ಜಗತ್ತಿಗೇ ಸಿಕ್ಕವು.

ಇನ್ನು ಸಂಶೋಧನೆಗೆ ವಿಷಯ ಬೇಕಾ? ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡ್ಕೊಳ್ತಾರೆ. ಲಕ್ಷ್ಮೇಶ್ವರದಲ್ಲಿ ಶಂಖ ಬಸದಿ, ಸೋಮೇಶ್ವರ ಗುಡಿ, ದರ್ಗಾ, ಮೂರೂ ಇವೆ. ಸತ್ಯದ ಬಗ್ಗೆ ಬೇರೆ ಬೇರೆ ನಂಬಿಕೆ ಇಟ್ಕೊಂಡ ಜನ ಒಂದೇ ಸಂತೆಯಲ್ಲಿ ಹೇಗೆ ಬದುಕ್ತಾರೆ? ಇದಕ್ಕಿಂತ ದೊಡ್ಡ ತಾತ್ವಿಕ ಪ್ರಶ್ನೆ ಯಾವುದಿದೆ ಹೇಳಿ? ಆದರೆ ಇದಕ್ಕೆ ಉತ್ತರ ಹುಡುಕೋರಿಗೆ ಇಲ್ಲಿನ ಮಾತು ಗೊತ್ತಿರಬೇಕು. ತತ್ವಪದ ಹಾಡುವ ಅಜ್ಜನ ಜೊತೆ ಕಟ್ಟೆ ಮೇಲೆ ಕೂತು ಮಾತಾಡೋಕೆ ಬರಬೇಕು. ಅಂಥ ಮಕ್ಕಳನ್ನೇ ನಾವು ಬಾಗಿಲಲ್ಲಿ ತಡೀತಿದ್ದೀವಿ.

ಹಾಗಾಗಿ ಏನ್ ಮಾಡ್ತೀ ಅನ್ನೋ ಪ್ರಶ್ನೆಯನ್ನು ನಾನು ಆ ಮಗಳಿಗೆ ಕೇಳಲ್ಲ. ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಸಂಸದರಿಗೆ ಕೇಳ್ತೀನಿ. ನೆಟ್ ಪರೀಕ್ಷೆ ಕನ್ನಡದಲ್ಲೂ ಬರಲಿ ಅಂತ ಒತ್ತಾಯ ಮಾಡೋಕೆ ನೀವು ಏನ್ ಮಾಡ್ತೀರಿ? ರಾಜ್ಯ ಸರ್ಕಾರಕ್ಕೂ ಕೇಳ್ತೀನಿ: ಖಾಲಿ ಇರುವ ಮೇಷ್ಟ್ರ ಹುದ್ದೆ ಯಾವಾಗ ತುಂಬ್ತೀರಿ?

ಉತ್ತರ ಬರೋವರೆಗೂ ಕೇಳ್ತಾನೇ ಇರ್ತೀನಿ.