5 ಎಕರೆ ನಮ್ಮದೇ, ಆದ್ರೆ ನೀರು?

 

ಈ ಥರದ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಅಮೆರಿಕದ ಯಾವುದೋ ಮರುಭೂಮಿ, ದೂರದಲ್ಲಿ ಹಿಮದ ಬೆಟ್ಟ, ಬಯಲಲ್ಲಿ ಒಂದೇ ಒಂದು ಟ್ರೇಲರ್. ಬಾಗಿಲಲ್ಲಿ ನಿಂತು ಕಾಫಿ ಕುಡೀತಾ ಒಬ್ಬ ಹೇಳ್ತಾನೆ: "ಬಾಡಿಗೆ ಇಲ್ಲ, ಬಾಸ್ ಇಲ್ಲ, 5 ಎಕರೆ ನಂದೇ." ಬೆಂಗಳೂರಲ್ಲಿ ಸೈಟಿನ ರೇಟ್ ಕೇಳಿ ಬಂದವರಿಗೆ ಹೊಟ್ಟೆ ಉರಿಯೋದು ಸಹಜ. ಆ ರೀಲ್ ಮುಗಿದ ಮೇಲೆ ಅಲ್ಲಿ ಏನಾಗುತ್ತೆ ಅನ್ನೋದು ಇವತ್ತಿನ ಮಾತು.

ಇಂಥ ಒಂದು ಜಾಗ ಕೊಲರಾಡೋ ರಾಜ್ಯದ ದಕ್ಷಿಣದಲ್ಲಿದೆ. ಸ್ಯಾನ್ ಲೂಯಿಸ್ ಕಣಿವೆ, ಕಾಸ್ಟಿಯಾ ಕೌಂಟಿ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಇದು ಚಳಿ ಮರುಭೂಮಿ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದ್ರೆ, ಈ ಕಣಿವೆ ಸುಮಾರು 7,500 ಅಡಿ. ಕಣಿವೆಯ ದೊಡ್ಡ ಊರು ಅಲಮೋಸಾದಲ್ಲಿ ವರ್ಷಕ್ಕೆ ಮಳೆ, ಹಿಮ ಎಲ್ಲಾ ಸೇರಿ 180 ಮಿಲಿಮೀಟರ್ ಆಸುಪಾಸು. ಚಳಿಗಾಲದ ಕೆಲವು ರಾತ್ರಿ ಮೈನಸ್ 30 ಡಿಗ್ರಿವರೆಗೂ ಇಳಿಯುತ್ತೆ.

1970ರ ದಶಕದಲ್ಲಿ ರಿಯಲ್ ಎಸ್ಟೇಟ್‌ನವರು ಇಲ್ಲಿನ ಹುಲ್ಲು ಬಯಲನ್ನ 5 ಎಕರೆ ತುಂಡುಗಳಾಗಿ ಮಾಡಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಕಂತಿನ ಮೇಲೆ ಮಾರಿದರು. ಕೊಂಡವರಲ್ಲಿ ಬಹಳ ಜನ ಅಲ್ಲಿಗೆ ಬರಲೇ ಇಲ್ಲ. ಆ ತುಂಡುಗಳೇ ಆಮೇಲೂ ಕೆಲವೇ ಸಾವಿರ ಡಾಲರ್‌ಗೆ ಕೈ ಬದಲಾಯಿಸ್ತಾ ಬಂದವು.

ಇಷ್ಟು ಅಗ್ಗ ಯಾಕೆ? ಆ ಬೆಲೆಯಲ್ಲಿ ಸಿಗೋದು ಬರೀ ನೆಲ. ನೀರಿಲ್ಲ, ಕರೆಂಟಿಲ್ಲ, ಟಾಯ್ಲೆಟ್ ಇಲ್ಲ.

ಕರೆಂಟನ್ನ ಸೋಲಾರ್‌ನಲ್ಲಿ ಹೇಗೋ ಸುಧಾರಿಸಬಹುದು. ನೀರು ಹಾಗಲ್ಲ. ಒಂದು ಸಾವಿರ ಲೀಟರ್ ಅಂದ್ರೆ ಒಂದು ಟನ್ ತೂಕ. ಅದನ್ನ ಮಣ್ಣಿನ ರಸ್ತೆಯಲ್ಲಿ ಗಾಡಿಗೆ ಹೇರಿಕೊಂಡು ತರಬೇಕು. ಇಬ್ಬರು ದಿನಕ್ಕೆ ತಲಾ 20 ಲೀಟರಲ್ಲೇ ಎಲ್ಲಾ ಮುಗಿಸಿದ್ರೂ 25 ದಿನಕ್ಕೆ ಖಾಲಿ. ನಮ್ಮ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕ್ತಾರೆ, ನೆನಪಿರಲಿ.

ಬೋರ್ ಕೊರೆಸಿದ್ರೆ ಆಯ್ತಲ್ಲ ಅಂತೀರಾ? ಜಾಗಕ್ಕೆ ಕೊಟ್ಟಿದ್ದಕ್ಕಿಂತ ಅದಕ್ಕೇ ಜಾಸ್ತಿ ಖರ್ಚಾಗಬಹುದು. ಕೊರೆಸಿದ್ರೂ, 35 ಎಕರೆಗಿಂತ ಚಿಕ್ಕ ಜಾಗದ ಬೋರ್‌ಗೆ ಕೊಲರಾಡೋದಲ್ಲಿ ಸಾಮಾನ್ಯವಾಗಿ ಸಿಗೋದು ಮನೆಯೊಳಗಿನ ಬಳಕೆಗೆ ಮಾತ್ರ ಪರ್ಮಿಟ್. ಹೊರಗೆ ನಾಲ್ಕು ಟೊಮೆಟೊ ಗಿಡ ಹಾಕಿದ್ರೆ ಅದಕ್ಕೆ ಈ ನೀರು ಬಿಡೋ ಹಾಗಿಲ್ಲ. ಅಲ್ಲಿನ ಕಾನೂನಿನಲ್ಲಿ ಮೊದಲು ನೀರು ಬಳಸಿದವರಿಗೆ ಮೊದಲ ಹಕ್ಕು. ಸೂರಿನಿಂದ ಬೀಳೋ ಮಳೆನೀರನ್ನ ಹಿಡಿದಿಡೋಕೂ 2016ರವರೆಗೆ ಹೆಚ್ಚಿನವರಿಗೆ ಅನುಮತಿ ಇರಲಿಲ್ಲ. ಈಗ ಎರಡು ಡ್ರಮ್ ಇಡಬಹುದು, ಒಟ್ಟು 110 ಗ್ಯಾಲನ್. ಅಂದ್ರೆ ಸುಮಾರು 416 ಲೀಟರ್.

ಇನ್ನು ಟ್ರೇಲರ್. ಹೆಚ್ಚಿನ ಟ್ರೇಲರ್‌ಗಳು ರಜೆಯಲ್ಲಿ ಸುತ್ತಾಡೋಕೆ ಮಾಡಿದವು. ಗೋಡೆ ತೆಳು. ಕೊರೆಯೋ ಚಳಿಯಲ್ಲಿ ಅಡಿಭಾಗದ ಪೈಪಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತೆ. ಅದಕ್ಕೇ ಜನ ಸುತ್ತಲೂ ಹುಲ್ಲಿನ ಪಿಂಡಿ, ಪ್ಲೈವುಡ್ ಕಟ್ಟಿ ಗಾಳಿ ತಡೀತಾರೆ. ಚಳಿ ಅಂತ ಕಿಟಕಿ ಸಂದೆಲ್ಲಾ ಮುಚ್ಚಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಜೀವಾನೇ ಹೋಗಬಹುದು. ಅದಕ್ಕೆ ವಾಸನೆ ಇರಲ್ಲ, ಗೊತ್ತೇ ಆಗಲ್ಲ.

ಇಷ್ಟೆಲ್ಲಾ ಸಹಿಸಿಕೊಂಡ್ರೂ ಇನ್ನೊಂದು ಸಮಸ್ಯೆ ಉಳಿಯುತ್ತೆ. ಜಾಗ ನಿಮ್ಮದು, ಆದ್ರೆ ಅಲ್ಲಿ ಟ್ರೇಲರ್ ನಿಲ್ಲಿಸಿ ವಾಸ ಮಾಡೋ ಹಕ್ಕು ತಾನಾಗೇ ಬರಲ್ಲ. ಸೆಪ್ಟಿಕ್ ಟ್ಯಾಂಕ್ ಇರಬೇಕು, ಪರ್ಮಿಟ್ ಇರಬೇಕು. 2015ರ ಸುಮಾರಿಗೆ ಕೌಂಟಿ ಈ ನಿಯಮಗಳನ್ನ ಬಿಗಿ ಮಾಡಿದಾಗ ಅಲ್ಲಿನ ಜನ ತಿರುಗಿಬಿದ್ದರು. ಅಧಿಕಾರಿಗಳ ಮಾತಲ್ಲೂ ಅರ್ಥ ಇದೆ: ಕೊಳಕು ನೀರು ಎಲ್ಲೆಂದರಲ್ಲಿ ಬಿಟ್ಟರೆ ಆರೋಗ್ಯ ಕೆಡುತ್ತೆ. ಆದ್ರೆ ಅಲ್ಲಿಗೆ ಬಂದವರಲ್ಲಿ ಅನೇಕರು ಊರಲ್ಲಿ ಬಾಡಿಗೆ ಕಟ್ಟೋಕಾಗದೆ ಬಂದವರು. ಸೆಪ್ಟಿಕ್ ಟ್ಯಾಂಕಿಗೆ ದುಡ್ಡಿದ್ದಿದ್ರೆ ಅವರು ಅಲ್ಲಿಗೆ ಯಾಕೆ ಬರ್ತಿದ್ರು?

ಟೆಡ್ ಕೊನೊವರ್ ಅನ್ನೋ ಅಮೆರಿಕನ್ ಪತ್ರಕರ್ತ 2017ರಲ್ಲಿ ಈ ಬಯಲಿಗೆ ಹೋದರು. ಟ್ರೇಲರ್‌ನಲ್ಲಿದ್ದು, ಆಮೇಲೆ ತಾವೇ 5 ಎಕರೆ ಕೊಂಡು, 2022ರಲ್ಲಿ 'ಚೀಪ್ ಲ್ಯಾಂಡ್ ಕೊಲರಾಡೋ' ಅನ್ನೋ ಪುಸ್ತಕ ತಂದರು. ಶುರುವಿನಲ್ಲಿ ಅವರು ಅಲಮೋಸಾದ ಲಾ ಪುಯೆಂಟೆ ಅನ್ನೋ ಸೇವಾ ಸಂಸ್ಥೆಯ ಸ್ವಯಂಸೇವಕರಾಗಿ ಮನೆಮನೆಗೆ ಹೋಗ್ತಿದ್ರು. ಹೊಸಬರನ್ನ ನಂಬದ ಜನ ಮಾತಾಡೋಕೆ ಶುರು ಮಾಡಿದ್ದು ಹೇಗೆ ಗೊತ್ತಾ? ಗಾಡಿಯಲ್ಲಿ ತಂದ ಸೌದೆಯಿಂದ.

ನಂಗೆ ಬಹಳ ಹಿಡಿಸಿದ್ದು ಇದೇ. ಯಾರ ಸಹವಾಸವೂ ಬೇಡ ಅಂತ ಹೋದವರಿಗೂ ಒಂದು ಹೊರೆ ಸೌದೆ ತರೋ ಕೈ ಬೇಕು. ಗಾಡಿ ಕೆಸರಲ್ಲಿ ಹೂತಾಗ ಎಳೆಯೋಕೆ ಪಕ್ಕದವರು ಬೇಕು. ರೀಲಲ್ಲಿ ಆ ಪಕ್ಕದವರು ಕಾಣಲ್ಲ, ಅಷ್ಟೇ.

ಹಾಗಂತ ಕನಸು ಕಾಣಬೇಡಿ ಅಂತ ನಾನು ಹೇಳ್ತಿಲ್ಲ. ಎಲ್ಲೇ ಆಗಲಿ, ಅಗ್ಗದ ಜಾಗ ಅಂದ ಕೂಡಲೇ ಮೂರು ಪ್ರಶ್ನೆ ಕೇಳಿ. ನೀರು ಎಲ್ಲಿಂದ? ಕೊಳಕು ನೀರು ಎಲ್ಲಿಗೆ? ರಾತ್ರಿ ಕಷ್ಟ ಬಂದ್ರೆ ಯಾರ ಮನೆ ಬಾಗಿಲು ಬಡಿಯೋದು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ರೇಟ್ ಕೇಳಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಹುಷಾರು.